ಅಬ್ಬಾ ಅವರ ಉದ್ರಿ ಪುಸ್ತಕ ಮತ್ತು ನನ್ನ ಸ್ಪ್ರಿಂಗ್ ಬೂಟ್

ಈ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಕನ್ನಡ ಮೇಡಂ ಕೇಳಿದಾಗ, "ಮೇಡಂ, ನನಗೆ ಕವನ ಬರುವುದಿಲ್ಲ, ಪ್ರವಾಸಕ್ಕೂ ಹೋಗಿಲ್ಲ" ಎಂದೆ. "ಹಾಗಾದರೆ ದಸರಾ ರಜೆಯಲ್ಲಿ ಏನು ಮಾಡಿದೆ?" ಎಂದರು. "ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಸರ್ವರ್ ಎಬ್ಬಿಸಿ ನಿಲ್ಲಿಸಿದೆ" ಎಂದೆ. ಮೇಡಂ ನಕ್ಕು, "ಅದನ್ನೇ ಬರೆ. ಆದರೆ ನನಗೂ ಅರ್ಥವಾಗುವ ಹಾಗೆ ಬರೆ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಾಮರ್ಸ್ ವಿದ್ಯಾರ್ಥಿನಿ. ಕಂಪ್ಯೂಟರ್ ಸೈನ್ಸ್ ನನ್ನ ವಿಷಯಗಳಲ್ಲಿ ಒಂದು, ಆದರೆ ನಮ್ಮ ಪಠ್ಯದಲ್ಲಿ ಜಾವಾ ಇಲ್ಲ. ನಾನು ಜಾವಾ ಕಡೆಗೆ ಹೋದದ್ದು ಆಸೆಯಿಂದಲ್ಲ, ಒಂದು ಮಳೆಯಿಂದ.

ನಮ್ಮೂರು ದಾವಣಗೆರೆ. ಇಲ್ಲಿನ ಮಂಡಕ್ಕಿ ಭಟ್ಟಿಗಳ ವಿಷಯ ನಿಮಗೆಲ್ಲ ಗೊತ್ತು. ನಮಗೆ ಸ್ವಂತ ಭಟ್ಟಿ ಇಲ್ಲ. ಅಬ್ಬಾ ಭಟ್ಟಿಯಿಂದ ಮಂಡಕ್ಕಿ ಚೀಲ ತಂದು, ಎಕ್ಸೆಲ್ ಗಾಡಿಯ ಹಿಂದೆ ಕಟ್ಟಿಕೊಂಡು, ಮಿರ್ಚಿ-ಮಂಡಕ್ಕಿ ಗಾಡಿಯವರಿಗೆ, ಸಣ್ಣ ಅಂಗಡಿಗಳಿಗೆ ಹಾಕುತ್ತಾರೆ. ಹರಿಹರದವರೆಗೂ ಹೋಗುತ್ತಾರೆ. ದೂರದಿಂದ ನೋಡಿದರೆ ಎರಡು ದೊಡ್ಡ ಚೀಲಗಳು ತಾವೇ ರಸ್ತೆಯಲ್ಲಿ ಓಡುತ್ತಿರುವಂತೆ ಕಾಣುತ್ತದೆ. ಈ ವ್ಯಾಪಾರದಲ್ಲಿ ಕೈಗೆ ಕೈ ದುಡ್ಡು ಕೊಡುವವರು ಕಡಿಮೆ. ಎಲ್ಲ ಉದ್ರಿ. ಇವತ್ತಿನ ಚೀಲದ ದುಡ್ಡು ಮುಂದಿನ ವಾರ, ಅದರಲ್ಲೂ ಅರ್ಧ. ಅದನ್ನೆಲ್ಲ ಅಬ್ಬಾ ಒಂದು ಉದ್ದನೆಯ ಪುಸ್ತಕದಲ್ಲಿ ಉರ್ದುವಿನಲ್ಲಿ ಬರೆಯುತ್ತಾರೆ. ಅವರು ಓದಿದ್ದು ಐದನೇ ಕ್ಲಾಸು. ಕನ್ನಡದ ಬೋರ್ಡು ಓದುತ್ತಾರೆ, ಬರೆಯಲು ಬರುವುದು ಉರ್ದು ಮಾತ್ರ.

ಹೋದ ವರ್ಷ ಜುಲೈನಲ್ಲಿ ಹರಿಹರದಿಂದ ಬರುವಾಗ ದಾರಿಯಲ್ಲಿ ಮಳೆ ಹಿಡಿಯಿತು. ಅಬ್ಬಾ ಮಂಡಕ್ಕಿ ಚೀಲಕ್ಕೆ ಪ್ಲಾಸ್ಟಿಕ್ ಹೊದಿಸಿದರು. ಪುಸ್ತಕ ಇದ್ದ ಬಟ್ಟೆ ಚೀಲಕ್ಕೆ ಹೊದಿಸಲಿಲ್ಲ. ಮನೆಗೆ ಬಂದು ತೆರೆದರೆ ಅರ್ಧ ಪುಟಗಳಲ್ಲಿ ನೀಲಿ ಬಣ್ಣ ಮಾತ್ರ ಉಳಿದಿತ್ತು. ಜೆಲ್ ಪೆನ್ನಿನ ಶಾಯಿ. ಅಮ್ಮಿ ಪುಟಪುಟವನ್ನೂ ಒಲೆಯ ಹತ್ತಿರ ಹಿಡಿದು ಒಣಗಿಸಿದರು. ಹೆಸರುಗಳು ಹೆಚ್ಚುಕಡಿಮೆ ಉಳಿದಿದ್ದವು, ಏಕೆಂದರೆ ಅವು ಬಲಗಡೆಯ ಅಂಚಿನಲ್ಲಿ ಹೊಲಿಗೆಯ ಹತ್ತಿರ ಇದ್ದವು. ಮೊತ್ತಗಳು ಹೋಗಿದ್ದವು.

ಅಬ್ಬಾ ಅವರ ಅಂದಾಜಿನಲ್ಲಿ ಬರಬೇಕಾದದ್ದು ಸುಮಾರು 31,000 ರೂಪಾಯಿ. ಅವರು ಒಬ್ಬೊಬ್ಬರ ಹತ್ತಿರವೂ ಹೋಗಿ, "ನಿಮ್ಮ ಲೆಕ್ಕ ನೀವೇ ಹೇಳಿ" ಎಂದು ಕೇಳಿದರು. ಹೆಚ್ಚಿನವರು ಸರಿಯಾಗಿಯೇ ಹೇಳಿದರು. ಕೆಲವರು ನೆನಪಿಲ್ಲ ಎಂದರು. 19,500 ಬಂತು. ಉಳಿದದ್ದಕ್ಕೆ ಅಬ್ಬಾ "ಜಾನೇ ದೇವ್" ಎಂದು ಬಿಟ್ಟರು. ಭಟ್ಟಿಯವರಿಗೆ ಕೊಡಬೇಕಾದದ್ದನ್ನು ಮಾತ್ರ ಬಿಡಲು ಆಗುವುದಿಲ್ಲವಲ್ಲ. ಆ ವರ್ಷ ನನ್ನ ಫೀಸನ್ನು ಎರಡು ಕಂತಿನಲ್ಲಿ ಕಟ್ಟಿದೆವು. ದಾದಿ ಒಂದೇ ಮಾತು ಹೇಳಿದರು: ಸಾಲ ಕೊಡುವಾಗ ತೆಗೆದುಕೊಳ್ಳುವಾಗ ಬರೆದಿಡಬೇಕು ಎಂದು ಕುರ್‌ಆನಿನ ಅತಿ ಉದ್ದದ ಆಯತ್ತಿನಲ್ಲೇ ಇದೆ. ಅಬ್ಬಾ ತಲೆ ತಗ್ಗಿಸಿ, "ಲಿಖ್ಯಾ ಥಾ ಅಮ್ಮಾ, ಪಾನಿ ಪಡ್ಗಯಾ" ಎಂದರು. ಬರೆದಿದ್ದೆ, ನೀರು ಬಿತ್ತು ಎಂದು.

ಬರೆದರೆ ಸಾಲದು, ಇನ್ನೊಂದು ಕಡೆಯೂ ಬರೆದಿರಬೇಕು ಎಂದು ನನಗೆ ಆಗ ಅನಿಸಿತು.

ನನ್ನ ಖಾಲಾ ಅವರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ನಾವು ಭಾಯಿಜಾನ್ ಎನ್ನುತ್ತೇವೆ. ಅವರ ಹಳೆಯ ಲ್ಯಾಪ್‌ಟಾಪನ್ನು ನನಗೆ ಕೊಟ್ಟಿದ್ದರು. ಫೋನಿನಲ್ಲಿ ತೆರೆಯುವಂಥ ಒಂದು ಲೆಕ್ಕದ ಪುಸ್ತಕ ಮಾಡಬೇಕು, ಹೇಗೆ ಎಂದು ಕೇಳಿದೆ. "ನನಗೆ ಚೆನ್ನಾಗಿ ಬರುವುದು ಜಾವಾ ಮತ್ತು ಸ್ಪ್ರಿಂಗ್ ಬೂಟ್. ಅದರಲ್ಲಿ ಮಾಡಿದರೆ ನಾನು ಹೇಳಿಕೊಡಬಲ್ಲೆ. ಆದರೆ ಒಂದು ಷರತ್ತು. ತಯಾರಾದ ಪ್ರಾಜೆಕ್ಟ್ ಡೌನ್‌ಲೋಡ್ ಮಾಡಬೇಡ. ಖಾಲಿ ಫೋಲ್ಡರಿನಿಂದ ಶುರು ಮಾಡು" ಎಂದರು. ಖಾಲಿ ಫೋಲ್ಡರನ್ನು ತುಂಬಿಸಿ ಕೊಡುವ ವೆಬ್‌ಸೈಟ್ ಸ್ಪ್ರಿಂಗ್‌ನವರದ್ದೇ ಇದೆ. ಒಂದು ಸಲ ಕೈಯಾರೆ ಮಾಡಿದರೆ ಆಮೇಲೆ ಏನು ಕೆಟ್ಟರೂ ಎಲ್ಲಿ ಕೆಟ್ಟಿದೆ ಎಂದು ಗೊತ್ತಾಗುತ್ತದೆ ಎನ್ನುವುದು ಅವರ ಮಾತು.

ಮೊದಲು ಜಾವಾ. ಇದನ್ನು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಅವರ ಜೊತೆಯವರು ಮಾಡಿದರು, 1995ರಲ್ಲಿ ಹೊರಗೆ ಬಂತು. ಮೊದಲ ಹೆಸರು ಓಕ್. 2010ರಲ್ಲಿ ಸನ್ ಕಂಪನಿಯನ್ನು ಒರಾಕಲ್ ಕೊಂಡುಕೊಂಡಿತು. ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಬರೆಯುವುದು ಆ ಕಾಲದಲ್ಲಿ ತುಂಬ ಭಾರದ ಕೆಲಸವಾಗಿತ್ತಂತೆ. ರಾಡ್ ಜಾನ್ಸನ್ ಎಂಬವರು 2002ರಲ್ಲಿ ಆ ಬಗ್ಗೆ ಒಂದು ಪುಸ್ತಕ ಬರೆದರು. ಆ ಪುಸ್ತಕದ ಜೊತೆಗಿದ್ದ ಕೋಡೇ ಬೆಳೆದು ಸ್ಪ್ರಿಂಗ್ ಆಯಿತು, 2004ರಲ್ಲಿ ಅದರ 1.0 ಆವೃತ್ತಿ ಬಂತು. ಹಳೆಯ ಪದ್ಧತಿ ಚಳಿಗಾಲವಾದರೆ ಇದು ವಸಂತ ಎಂದು ಆ ಹೆಸರಿಟ್ಟರು. ನಮ್ಮ ದಾದಿಗೆ ಇದನ್ನು ಹೇಳಿದಾಗ, "ಹೌ, ಬಹಾರ್ ಬೋಲ್ಕೆ ನಾಮ್ ರಖ್ಯೆ" ಎಂದು ಒಪ್ಪಿಕೊಂಡರು. ಸ್ಪ್ರಿಂಗ್‌ನ ಸೆಟ್ಟಿಂಗೂ ಹೆಚ್ಚಾದಾಗ 2014ರಲ್ಲಿ ಸ್ಪ್ರಿಂಗ್ ಬೂಟ್ ಬಂತು.

ದಾದಿ ಒಪ್ಪಿದಷ್ಟು ಸುಲಭವಾಗಿ ಲ್ಯಾಪ್‌ಟಾಪ್ ಒಪ್ಪಲಿಲ್ಲ. ಸ್ಪ್ರಿಂಗ್ ಬೂಟ್ 3ಕ್ಕೆ ಕನಿಷ್ಠ ಜಾವಾ 17 ಬೇಕು. ನಾನು 17 ಹಾಕಿದೆ. ಆದರೆ ಭಾಯಿಜಾನ್ ಕಾಲದ ಜಾವಾ 8 ಅದರಲ್ಲಿ ಹಾಗೇ ಇತ್ತು. ಕಪ್ಪು ಕಿಟಕಿಯಲ್ಲಿ ಆದೇಶ ಕೊಟ್ಟಾಗ ಕೆಂಪು ಅಕ್ಷರದಲ್ಲಿ 61 ಮತ್ತು 52 ಎಂಬ ಎರಡು ಸಂಖ್ಯೆ ಬಂದವು. ಒಂದು ಸಂಜೆ ಪೂರ್ತಿ ಇದೇನು ಅಂಕಪಟ್ಟಿಯೋ ಎಂದು ನೋಡುತ್ತ ಕೂತೆ. ಆಮೇಲೆ ತಿಳಿಯಿತು: ಆ ಸಂಖ್ಯೆಯಿಂದ 44 ಕಳೆದರೆ ಜಾವಾದ ಆವೃತ್ತಿ. 61 ಅಂದರೆ 17, 52 ಅಂದರೆ 8. ಅಂದರೆ, "ಇದು 17ರಲ್ಲಿ ತಯಾರಾದ ಮಾಲು, ನಾನು 8, ನನಗೆ ಓದಲು ಬರುವುದಿಲ್ಲ" ಎಂದು ಅದು ನೇರವಾಗಿಯೇ ಹೇಳುತ್ತಿತ್ತು. ನನಗೆ ಕೇಳಿಸಿಕೊಳ್ಳಲು ಬರುತ್ತಿರಲಿಲ್ಲ. ಜಾವಾ ಹೋಮ್ ಎಂಬ ಸೆಟ್ಟಿಂಗನ್ನು ಹೊಸ ಫೋಲ್ಡರಿಗೆ ತಿರುಗಿಸಿದ ಮೇಲೆ ಸರಿಯಾಯಿತು.

ಮುಂದಿನದು ಮೇವೆನ್. ನಮ್ಮ ಪ್ರಾಜೆಕ್ಟಿಗೆ ಬೇಕಾದ ಬೇರೆಯವರ ಕೋಡನ್ನು ಇಂಟರ್‌ನೆಟ್ಟಿನಿಂದ ತಂದು ಜೋಡಿಸಿ ಕೊಡುವ ಸಾಧನ ಇದು. ಏನೇನು ಬೇಕು ಎಂದು ಪೋಮ್ ಡಾಟ್ ಎಕ್ಸ್‌ಎಂಎಲ್ ಎಂಬ ಒಂದು ಫೈಲಿನಲ್ಲಿ ಚೀಟಿ ಬರೆದಿಡಬೇಕು. ಅಮ್ಮಿ ಕಿರಾಣಿ ಅಂಗಡಿಗೆ ಬರೆದುಕೊಡುವ ಚೀಟಿಯ ಹಾಗೆ. ನಾನು ನೋಟ್‌ಪ್ಯಾಡಿನಲ್ಲಿ ಚೀಟಿ ಬರೆದು ಸೇವ್ ಮಾಡಿದೆ. ಮೇವೆನ್ ಮಾತ್ರ, ಈ ಫೋಲ್ಡರಿನಲ್ಲಿ ಪೋಮ್ ಇಲ್ಲವೇ ಇಲ್ಲ ಎಂದಿತು. ಕಣ್ಣಿಗೆ ಕಾಣುತ್ತಿದೆ, ಇಲ್ಲ ಎನ್ನುತ್ತಿದೆ! ಕೊನೆಗೆ ನೋಡಿದರೆ ನೋಟ್‌ಪ್ಯಾಡ್ ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಸೇರಿಸಿತ್ತು, ವಿಂಡೋಸ್ ಆ ಬಾಲವನ್ನು ಅಡಗಿಸಿತ್ತು. ಬಾಲ ತೋರಿಸು ಎಂಬ ಸೆಟ್ಟಿಂಗ್ ಇದೆ. ನೀವು ಏನೇ ಕಲಿಯಲು ಕೂತರೂ ಮೊದಲು ಅದನ್ನು ಆನ್ ಮಾಡಿಕೊಳ್ಳಿ.

ಮೊದಲ ಸಲ ಮೇವೆನ್ ತುಂಬ ಫೈಲುಗಳನ್ನು ತರುತ್ತದೆ. ಅಮ್ಮಿಯ ಫೋನಿನ ಹಾಟ್‌ಸ್ಪಾಟ್ ಹಾಕಿದ್ದೆ. ಮಧ್ಯದಲ್ಲಿ ಆ ದಿನದ ಡೇಟಾ ಮುಗಿಯಿತು. ಮರುದಿನ ಮತ್ತೆ ಓಡಿಸಿದರೆ ಅರ್ಥವಾಗದ ಹೊಸ ತಪ್ಪು. ಒಂದು ಫೈಲು ಅರ್ಧ ಬಂದು ನಿಂತಿತ್ತು, ಮೇವೆನ್ ಅದನ್ನೇ ಪೂರ್ತಿ ಎಂದು ನಂಬಿತ್ತು. ತಂದದ್ದನ್ನೆಲ್ಲ ಅದು ಡಾಟ್ ಎಂ2 ಎಂಬ ಫೋಲ್ಡರಿನಲ್ಲಿ ಇಡುತ್ತದೆ. ಅಲ್ಲಿಂದ ಆ ಅರ್ಧ ಫೈಲನ್ನು ಅಳಿಸಿ ಮತ್ತೆ ತರಿಸಿದೆ. ಒಳ್ಳೆಯದೇನೆಂದರೆ ಒಮ್ಮೆ ಬಂದದ್ದಕ್ಕೆ ಮತ್ತೆ ಡೇಟಾ ಖರ್ಚಿಲ್ಲ.

ಐದನೆಯ ದಿನ ರಾತ್ರಿ ಮುಖ್ಯ ಕ್ಲಾಸಿನಲ್ಲಿ ನಾಲ್ಕೈದು ಸಾಲು ಬರೆದು ಓಡಿಸಿದೆ. ಪರದೆಯ ಮೇಲೆ ಸ್ಪ್ರಿಂಗ್ ಎಂಬ ದೊಡ್ಡ ಅಕ್ಷರ ಬಂತು, ಕೆಳಗೆ ಟಾಮ್‌ಕ್ಯಾಟ್ 8080 ಪೋರ್ಟಿನಲ್ಲಿ ಶುರುವಾಗಿದೆ ಎಂದು ಬಂತು. ಟಾಮ್‌ಕ್ಯಾಟ್ ಎಂದರೆ ಬ್ರೌಸರ್ ಕೇಳಿದ್ದಕ್ಕೆ ಉತ್ತರ ಕೊಡುವ ಸರ್ವರ್. ಹಿಂದೆ ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು, ಬೂಟ್‌ನಲ್ಲಿ ಒಳಗೇ ಬರುತ್ತದೆ. ಖುಷಿಯಿಂದ ಬ್ರೌಸರ್ ತೆರೆದರೆ ಬಿಳಿ ಪುಟದಲ್ಲಿ ತಪ್ಪು, 404. ರಾತ್ರಿ ಹನ್ನೊಂದು ಗಂಟೆಗೆ ಭಾಯಿಜಾನ್‌ಗೆ ಸ್ಕ್ರೀನ್‌ಶಾಟ್ ಕಳಿಸಿದೆ. ಅವರು ನಗುತ್ತ ಫೋನ್ ಮಾಡಿ, "ಪಗ್ಲಿ, ಮುಬಾರಕ್! ಮನೆ ಎದ್ದು ನಿಂತಿದೆ. ಬಾಗಿಲು ತಟ್ಟಿದೆ, ಒಳಗಿನಿಂದ ಒಬ್ಬರು ಬಂದು ‘ನೀವು ಕೇಳಿದವರು ಇಲ್ಲಿಲ್ಲ’ ಎಂದರು. ಮನೆಯೇ ಇಲ್ಲದಿದ್ದರೆ ಉತ್ತರ ಕೊಡುವವರು ಯಾರು?" ಎಂದರು. ಆ ಮಾತು ನನಗೆ ಬಹಳ ಹಿಡಿಸಿತು. ತಪ್ಪಿನ ಪುಟವೂ ಒಂದು ಉತ್ತರವೇ.

ಮರುದಿನ ಉತ್ತರ ಕೊಡುವ ಒಂದು ಕ್ಲಾಸ್ ಬರೆದೆ. ಆದರೂ 404. ಕಾರಣ, ಮುಖ್ಯ ಕ್ಲಾಸ್ ಒಂದು ಫೋಲ್ಡರಿನಲ್ಲಿ, ಇದು ಪಕ್ಕದ ಫೋಲ್ಡರಿನಲ್ಲಿ. ಸ್ಪ್ರಿಂಗ್ ಬೂಟ್ ತಾನಾಗಿ ಹುಡುಕುವುದು ಮುಖ್ಯ ಕ್ಲಾಸ್ ಇರುವ ಪ್ಯಾಕೇಜ್ ಮತ್ತು ಅದರ ಒಳಗಿನವುಗಳನ್ನು ಮಾತ್ರ. ನಮ್ಮ ಲೆಕ್ಚರರ್ ತಮ್ಮ ಸೆಕ್ಷನ್ನಿನ ಹಾಜರಿ ಮಾತ್ರ ಕರೆಯುವ ಹಾಗೆ. ಪಕ್ಕದ ಸೆಕ್ಷನ್ನಿನಲ್ಲಿ ಕೂತು ನನ್ನ ಹೆಸರು ಕರೆಯಲಿಲ್ಲ ಎಂದರೆ ಏನು ಮಾಡುವುದು?

ಇಲ್ಲಿ ಫ್ರೇಮ್‌ವರ್ಕ್ ಎಂದರೇನು ಎಂದು ಎರಡು ಮಾತು. ಮನೆಯ ಅಡುಗೆಯಲ್ಲಿ ಈರುಳ್ಳಿ ನಾವೇ ತರುತ್ತೇವೆ, ನಾವೇ ಹೆಚ್ಚುತ್ತೇವೆ, ಯಾವಾಗ ಹಾಕಬೇಕು ಎಂದು ನಾವೇ ನಿರ್ಧರಿಸುತ್ತೇವೆ. ವಲೀಮಾದ ದೇಗ್ ಹತ್ತಿರ ಹಾಗಲ್ಲ. ಅಲ್ಲಿ ಉಸ್ತಾದ್ ಬಾವರ್ಚಿ ಇರುತ್ತಾರೆ. ನೀನು ಮಸಾಲೆಯವನು, ನೀನು ಅಕ್ಕಿಯವನು ಎಂದು ಒಬ್ಬೊಬ್ಬರಿಗೆ ಕೆಲಸ ಹಂಚಿರುತ್ತಾರೆ. ಅವರು ಕರೆದಾಗ ನಾವು ಹೋಗಬೇಕು. ನಮ್ಮ ಕೈಗೆ ಬೇಕಾದ ಸೌಟು, ಸಾಮಾನು ಅವರೇ ಕೊಡುತ್ತಾರೆ. ಸ್ಪ್ರಿಂಗ್ ಆ ಉಸ್ತಾದ್. ಕ್ಲಾಸಿನ ತಲೆಯ ಮೇಲೆ ಆಟ್ ಗುರುತು ಹಾಕಿ ‘ನಾನು ಕಂಟ್ರೋಲರ್’, ‘ನಾನು ಸರ್ವಿಸ್’ ಎಂದು ಬರೆದರೆ ಸಾಕು, ಯಾರಿಗೆ ಯಾರು ಬೇಕೋ ಅವರನ್ನು ತಂದು ಜೋಡಿಸುತ್ತದೆ. ಇದಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಎನ್ನುತ್ತಾರೆ. ಹೆಸರು ಕೇಳಿ ಹೆದರಿದ್ದೆ, ಕೆಲಸ ನೋಡಿ ಹೆದರಿಕೆ ಹೋಯಿತು.

ಆಮೇಲೆ ಡೇಟಾಬೇಸ್. ಲ್ಯಾಪ್‌ಟಾಪಿನಲ್ಲಿ ಹಳೆಯ ಮೈಎಸ್‌ಕ್ಯುಎಲ್ ಇತ್ತು, ಅದನ್ನೇ ಬಳಸಿದೆ. ಗ್ರಾಹಕರ ಪಟ್ಟಿ ಒಂದು, ಚೀಲ ಕೊಟ್ಟದ್ದು ಮತ್ತು ದುಡ್ಡು ಬಂದದ್ದು ಒಂದು. ಅಬ್ಬಾ ಪುಸ್ತಕದಲ್ಲಿ ಜನರ ಹೆಸರೇ ಇಲ್ಲ. ಚಶ್ಮೇವಾಲಾ, ನೀಮ್ ಕಾ ಝಾಡ್, ಅಸ್ಪತಾಲ್ ಗೇಟ್ ಹೀಗೆ. ಬಸ್‌ಸ್ಟ್ಯಾಂಡ್‌ವಾಲಾ ಎಂದು ಇಬ್ಬರಿದ್ದರು, ಒಬ್ಬರು ಇಲ್ಲಿಯವರು, ಒಬ್ಬರು ಹರಿಹರದವರು. ಅಬ್ಬಾಗೆ ಬರೆದ ಪುಟದಿಂದಲೇ ಯಾರೆಂದು ತಿಳಿಯುತ್ತದೆ. ಕಂಪ್ಯೂಟರಿಗೆ ತಿಳಿಯುವುದಿಲ್ಲ. ಹಾಗಾಗಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟೆ.

ನಾನು ಓದಿದ್ದು ಕನ್ನಡ ಮಾಧ್ಯಮ. ಉರ್ದು ಮಾತಾಡುತ್ತೇನೆ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಅಬ್ಬಾ ಅವರ ಬರಹ ಅದಕ್ಕಿಂತ ಕಷ್ಟ. ಮೇಲಿನ ಚುಕ್ಕಿಗಳನ್ನು ಅರ್ಧ ಬಿಟ್ಟುಬಿಡುತ್ತಾರೆ. ಆದರೂ ಒಂದು ರಾತ್ರಿ ಕೂತು, ನೀರು ಕುಡಿದ ಆ ಪುಸ್ತಕವನ್ನು ನೋಡಿ 43 ಹೆಸರುಗಳನ್ನು ಉರ್ದು ಕೀಲಿಮಣೆಯಲ್ಲಿ ಹುಡುಕಿ ಹುಡುಕಿ ಒತ್ತಿದೆ. ಪ್ರತಿ ಸಲವೂ ‘ಸೇವ್ ಆಯಿತು’ ಎಂದು ಬರುತ್ತಿತ್ತು. ಪಟ್ಟಿ ತೋರಿಸುವ ಪುಟವನ್ನು ಇನ್ನೂ ಬರೆದಿರಲಿಲ್ಲ. ಮರುದಿನ ಬರೆದು ತೆರೆದೆ. 43 ಸಾಲುಗಳೂ ಇದ್ದವು. ಪ್ರತಿ ಸಾಲಿನಲ್ಲೂ ಪ್ರಶ್ನಾರ್ಥಕ ಚಿಹ್ನೆಗಳು ಮಾತ್ರ ಇದ್ದವು.

ನಿಜ ಹೇಳುತ್ತೇನೆ, ನಾನು ಅತ್ತೆ. ಮಳೆಯಲ್ಲಿ ಹೋದದ್ದು ನನ್ನ ಕೈಯಲ್ಲಿ ಮತ್ತೆ ಹೋಯಿತು ಎನಿಸಿತು.

ಕಾರಣ ಹೀಗೆ. ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಇಡುತ್ತದೆ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಉರ್ದು ಅಕ್ಷರಕ್ಕೆ ಎರಡು, ಕನ್ನಡದ್ದಕ್ಕೆ ಮೂರು. ಮೈಎಸ್‌ಕ್ಯುಎಲ್‌ನ ಹಳೆಯ ಆವೃತ್ತಿಗಳಲ್ಲಿ ನಾವು ಏನೂ ಹೇಳದಿದ್ದರೆ ಲ್ಯಾಟಿನ್-1 ಎಂಬ ಪದ್ಧತಿ ಇರುತ್ತದೆ. ಅದಕ್ಕೆ ಯುರೋಪಿನ ಕೆಲವು ಭಾಷೆಗಳ ಅಕ್ಷರ ಮಾತ್ರ ಗೊತ್ತು. 2018ರಲ್ಲಿ ಬಂದ 8.0 ಆವೃತ್ತಿಯಿಂದ ಇದು ಬದಲಾಯಿತು. ನನ್ನದು ಹಳೆಯದು. ಗೊತ್ತಿಲ್ಲದ ಅಕ್ಷರ ಬಂದರೆ ತಪ್ಪೆಂದು ನಿಲ್ಲಿಸುವ ಕಟ್ಟುನಿಟ್ಟಿನ ಸೆಟ್ಟಿಂಗೂ ಆಫ್ ಆಗಿತ್ತು. ಹಾಗಾಗಿ ಪ್ರತಿ ಅಕ್ಷರದ ಜಾಗದಲ್ಲಿ ಒಂದು ಪ್ರಶ್ನೆ ಗುರುತು ಬರೆದಿಟ್ಟು ಸುಮ್ಮನಾಯಿತು. ಒಮ್ಮೆ ಹಾಗಾದ ಮೇಲೆ ಹಿಂದಿನ ಅಕ್ಷರ ಯಾವುದೆಂದು ಹೇಳಲು ಅದಕ್ಕೂ ಬರುವುದಿಲ್ಲ. ಪಟ್ಟಿಯನ್ನು ಯುಟಿಎಫ್8ಎಂಬಿ4 ಎಂಬ ಪದ್ಧತಿಗೆ ಬದಲಾಯಿಸಿ, ಈ ಸಲ ಮೊದಲು ಒಂದೇ ಒಂದು ಹೆಸರು ಹಾಕಿ ನೋಡಿದೆ. ಸರಿಯಾಗಿ ಬಂತು.

ನನ್ನ ಮುಖ ನೋಡಿ ಅಬ್ಬಾ ಏನಾಯಿತು ಎಂದು ಕೇಳಿದರು. ಹೇಳಿದೆ. ಅವರು ಪುಸ್ತಕ ತೆಗೆದುಕೊಂಡು ಪಕ್ಕದಲ್ಲಿ ಕೂತು, "ಚಲ್, ಮೈ ಪಢ್ತೂಂ, ತೂ ಲಿಖ್" ಎಂದರು. ಅವರು ಓದಿದರು, ನಾನು ಒತ್ತಿದೆ. ಹೆಸರಿನ ಜೊತೆ ಒಂದೊಂದು ಕಥೆಯೂ ಬಂತು. ಯಾರು ಮೊದಲ ಗ್ರಾಹಕರು, ಯಾರ ಗಾಡಿ ಈಗ ಇಲ್ಲ, ಯಾರು ಹಬ್ಬದ ದಿನ ದುಡ್ಡು ಕೇಳದೆಯೇ ತಂದುಕೊಟ್ಟರು. ಮೊದಲ ಸಲ ನಾನೇ ಓದಿ ಬರೆದಾಗ ಐದು ಹೆಸರು ತಪ್ಪಾಗಿದ್ದವು ಎಂದು ಆಗ ಗೊತ್ತಾಯಿತು. ಒಬ್ಬರು ಕಳೆದ ವರ್ಷ ನೆನಪಿಲ್ಲ ಎಂದವರು. ಅವರ ಹೆಸರು ಬಂದಾಗ ಬಿಡಲೇ ಎಂದು ಕೇಳಿದೆ. "ನಕ್ಕೋ, ಲಿಖ್. ಉನೇ ಅಬ್ಬಿ ಬೀ ಮಾಲ್ ಲೇತೆ" ಎಂದರು. ಬಾಕಿ ಸೊನ್ನೆಯಿಂದ ಶುರು ಮಾಡಿಸಿದರು.

ಇನ್ನು ಲೆಕ್ಕ. ಇಲ್ಲಿ ನಮ್ಮ ಅಕೌಂಟೆನ್ಸಿ ಕೆಲಸಕ್ಕೆ ಬಂತು. ಜಾವಾದಲ್ಲಿ ಡಬಲ್ ಎಂಬ ಬಗೆಯ ಸಂಖ್ಯೆಯಲ್ಲಿ 0.1 ಮತ್ತು 0.2 ಕೂಡಿಸಿದರೆ 0.30000000000000004 ಬರುತ್ತದೆ. ಕಂಪ್ಯೂಟರ್ ಒಳಗೆ ಎರಡರ ಲೆಕ್ಕದಲ್ಲಿ ಎಣಿಸುವುದರಿಂದ ಹತ್ತನೇ ಒಂದನ್ನು ಪೂರ್ತಿ ಹಿಡಿದಿಡಲು ಆಗುವುದಿಲ್ಲ. ದುಡ್ಡಿನ ವಿಷಯದಲ್ಲಿ ಇದು ಆಗಬಾರದು ಎಂದು ಬಿಗ್‌ಡೆಸಿಮಲ್ ಬಳಸುತ್ತಾರೆ. ನಾನೂ ಬಳಸಿದೆ.

ಇನ್ನೊಂದು ತಪ್ಪು ನನ್ನದೇ. ಪ್ರತಿ ಗ್ರಾಹಕರ ಬಾಕಿಯನ್ನು ಒಂದು ಕಡೆ ಬರೆದಿಟ್ಟು, ದುಡ್ಡು ಬಂದಾಗಲೆಲ್ಲ ತಿದ್ದುತ್ತಿದ್ದೆ. ಒಂದು ದಿನ 500 ರೂಪಾಯಿ ಬಂದದ್ದು ದಾಖಲಾಯಿತು, ಬಾಕಿ ತಿದ್ದುವ ಮೊದಲೇ ಪ್ರೋಗ್ರಾಮ್ ನಿಂತಿತು. ಒಂದು ಕಡೆ ಬಂದಿದೆ, ಇನ್ನೊಂದು ಕಡೆ ಬಂದಿಲ್ಲ. ಎರಡೂ ಆಗಬೇಕು ಇಲ್ಲವೇ ಎರಡೂ ಆಗಬಾರದು ಎಂದು ಸ್ಪ್ರಿಂಗ್‌ಗೆ ಹೇಳಲು ಟ್ರಾನ್ಸಾಕ್ಷನಲ್ ಎಂಬ ಒಂದು ಗುರುತು ಸಾಕು, ಅದನ್ನು ಹಾಕಿದೆ. ಆದರೆ ಅಕೌಂಟೆನ್ಸಿ ಮೇಡಂ ಹತ್ತಿರ ಹೇಳಿದಾಗ ಅವರು ಕೇಳಿದ್ದು ಬೇರೆ ಪ್ರಶ್ನೆ: "ಲೆಡ್ಜರಿನಲ್ಲಿ ಬಾಕಿಯನ್ನು ಯಾರಾದರೂ ಪೋಸ್ಟ್ ಮಾಡುತ್ತಾರೇನಮ್ಮ? ಎರಡೂ ಕಡೆ ಕೂಡಿಸಿ ಕಳೆದು ಬಾಕಿ ತೆಗೆಯುತ್ತೇವೆ ಅಲ್ಲವೇ?" ನಿಜ. ಲೂಕಾ ಪ್ಯಾಚಿಯೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಪುಸ್ತಕದಲ್ಲಿ ಜೋಡಿ ನಮೂದು ಪದ್ಧತಿಯನ್ನು ವಿವರಿಸಿದರು ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದು ನನ್ನ ಕೋಡಿಗೂ ಸೇರಿದ್ದು ಎಂದು ಹೊಳೆದಿರಲಿಲ್ಲ. ಬಾಕಿಯ ಕಾಲಂ ತೆಗೆದುಹಾಕಿದೆ. ಈಗ ಕೊಟ್ಟದ್ದು, ಬಂದದ್ದು ಮಾತ್ರ ಇದೆ. ಬಾಕಿ ಪ್ರತಿ ಸಲವೂ ಲೆಕ್ಕದಿಂದಲೇ ಹೊರಬರುತ್ತದೆ. ತಪ್ಪು ನಮೂದಾದರೆ ಅಳಿಸುವ ಬಟನ್ ಇಲ್ಲ. ನಮ್ಮ ಪುಸ್ತಕದಲ್ಲಿ ಹೇಳಿದಂತೆ ತಿದ್ದುಪಡಿ ನಮೂದು ಹಾಕಬೇಕು.

ಅದೇ ಮೇಡಂ, "ಇಷ್ಟೆಲ್ಲ ಯಾಕೆ? ಎಕ್ಸೆಲ್ ಶೀಟ್ ಸಾಕಿತ್ತಲ್ಲ" ಎಂದೂ ಕೇಳಿದರು. ಅವರು ಹೇಳಿದ್ದು ಸರಿ. 43 ಗ್ರಾಹಕರಿಗೆ ಎಕ್ಸೆಲ್ ಸಾಕಿತ್ತು. ಆದರೆ ಎಕ್ಸೆಲ್ ಮಾಡಿದ್ದರೆ ಅಬ್ಬಾ ನನ್ನ ಪಕ್ಕದಲ್ಲಿ ಆ ರಾತ್ರಿ ಕೂರುತ್ತಿದ್ದರೋ ಇಲ್ಲವೋ. ಮೇಡಂಗೆ ಅದನ್ನು ಹೇಳಲಿಲ್ಲ, "ಕಲಿಯೋಣ ಅಂತ ಮೇಡಂ" ಎಂದಷ್ಟೇ ಹೇಳಿದೆ.

ಈಗ ನಮ್ಮ ಮನೆಯಲ್ಲಿ ನಡೆಯುವುದು ಹೀಗೆ. ಇಷಾ ನಮಾಜ್ ಮುಗಿಸಿ ಬಂದ ಮೇಲೆ ಅಬ್ಬಾ ಊಟಕ್ಕೆ ಮೊದಲು ದಿನದ ಲೆಕ್ಕ ಬಾಯಲ್ಲಿ ಹೇಳುತ್ತಾರೆ, ನಾನು ಹಾಕುತ್ತೇನೆ. ಅಮ್ಮಿಯ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪನ್ನೂ ಅಬ್ಬಾ ಅವರ ಫೋನನ್ನೂ ಜೋಡಿಸಿದರೆ ಅವರ ಫೋನಿನಲ್ಲಿ ಪುಟ ತೆರೆಯುತ್ತದೆ. ಹೆಸರುಗಳು ಬಲದಿಂದ ಎಡಕ್ಕೆ, ಅವರ ಪುಸ್ತಕದಲ್ಲಿ ಇದ್ದ ಹಾಗೆಯೇ. ಹೊರಗಿನ ಯಾರೂ ನೋಡಲಾಗದು, ಏಕೆಂದರೆ ಇದನ್ನು ಇಂಟರ್‌ನೆಟ್ಟಿಗೆ ಹಾಕಿಲ್ಲ. ಅಬ್ಬಾ ಹಗಲು ಈಗಲೂ ಪುಸ್ತಕದಲ್ಲೇ ಬರೆಯುತ್ತಾರೆ. ನಾನೂ ಬೇಡ ಎನ್ನಲಿಲ್ಲ. ಎರಡು ಕಡೆ ಇರಲಿ ಎಂದೇ ಶುರು ಮಾಡಿದ್ದಲ್ಲವೇ? ಮೊದಲ ದಿನ ಅವರು ಕೇಳಿದ ಪ್ರಶ್ನೆ, "ಯೇ ಬಾರಿಶ್ ಮೇಂ ಭೀಗ್ತಾ ಕ್ಯಾ?" ಇದು ಮಳೆಯಲ್ಲಿ ನೆನೆಯುತ್ತದಾ? ಲ್ಯಾಪ್‌ಟಾಪ್ ನೆನೆದರೆ ಇದೂ ಹೋಗುತ್ತದೆ ಎಂದೆ. ಅಂದಿನಿಂದ ಪ್ರತಿ ಶುಕ್ರವಾರ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ನಕಲು ಮಾಡಿ ದಾದಿಯ ಪೆಟ್ಟಿಗೆಯಲ್ಲಿ ಇಡುತ್ತೇನೆ. ಅದರ ಕೀಲಿ ದಾದಿಯ ಸೊಂಟದಲ್ಲೇ ಇರುತ್ತದೆ.

ಹೋದ ತಿಂಗಳು ಹರಿಹರದ ಬಸ್‌ಸ್ಟ್ಯಾಂಡ್‌ವಾಲಾ ಅಣ್ಣನ ಜೊತೆ ಅಬ್ಬಾಗೆ ಮಾತಿಗೆ ಮಾತು ಬಂತು. ಅಬ್ಬಾ ಪುಸ್ತಕದ ಪ್ರಕಾರ 1,400 ಬಾಕಿ. ಆ ಅಣ್ಣ, "ಸಾಬ್ರೇ, 600 ಕೊಟ್ಟೀನಿ, ಉಳಿದಿರೋದು 800" ಎಂದರಂತೆ. ಅಬ್ಬಾ ಒಪ್ಪಲಿಲ್ಲ. ಕಳೆದ ವರ್ಷದ ನೋವು ಇತ್ತಲ್ಲ. ಸಂಜೆ ಸಿಟ್ಟಿನಲ್ಲೇ ಬಂದು, "ತೂ ನಿಕಾಲ್ ದೇಖ್" ಎಂದರು. ತೆಗೆದೆ. ಒಂಬತ್ತು ದಿನದ ಹಿಂದೆ 600 ಬಂದಿತ್ತು. ಆ ರಾತ್ರಿ ಅಬ್ಬಾ ಅವರೇ ಬಾಯಲ್ಲಿ ಹೇಳಿ ನನ್ನಿಂದ ಹಾಕಿಸಿದ್ದರು, ಪುಸ್ತಕದಲ್ಲಿ ಬರೆಯಲು ಮರೆತಿದ್ದರು.

ಆ ಪುಟವನ್ನು ತೋರಿಸಲು ನನಗೆ ಒಂದು ಗಳಿಗೆ ಹಿಂಜರಿಕೆಯಾಯಿತು. ನಮ್ಮ ದುಡ್ಡು ಉಳಿಯಲಿ ಎಂದು ಮಾಡಿದ್ದು, ಈಗ ನಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು. ತೋರಿಸಿದೆ. ಅಬ್ಬಾ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದರು. ಏನೂ ಮಾತಾಡದೆ ಊಟ ಮಾಡಿದರು. ಮರುದಿನ ಮಾಲು ಹಾಕುವುದಕ್ಕಿಂತ ಮೊದಲು ಹರಿಹರಕ್ಕೆ ಹೋಗಿ, ಆ ಅಣ್ಣನ ಹತ್ತಿರ ಕ್ಷಮೆ ಕೇಳಿ ಬಂದರು. ಮನೆಗೆ ಬಂದು ನನಗೆ ಹೇಳಿದ್ದು ಇಷ್ಟೇ: "ಹಿಸಾಬ್ ಬೋಲೇ ತೋ ಐಸಾ ಹೋನಾ."

ಗೆಳತಿಯರೇ, ಗೆಳೆಯರೇ, ಸೈನ್ಸ್‌ನವರು ಮಾತ್ರ ಪ್ರೋಗ್ರಾಮ್ ಬರೆಯುತ್ತಾರೆ ಎಂದು ನಾನೂ ಅಂದುಕೊಂಡಿದ್ದೆ. ಲೆಕ್ಕ ಹೇಗಿರಬೇಕು ಎಂದು ಗೊತ್ತಿರುವುದು ನಮಗೆ. ಶುರು ಮಾಡುವವರಿಗೆ ನನ್ನ ಮೂರು ಮಾತು. ಕೆಂಪು ಅಕ್ಷರ ಬಂದರೆ ಕಿಟಕಿ ಮುಚ್ಚಬೇಡಿ, ಮೊದಲ ಸಾಲು ಮತ್ತು ಕಾರಣ ಎಂದು ಹೇಳುವ ಸಾಲನ್ನು ನಿಧಾನವಾಗಿ ಓದಿ. ನೂರು ಹೆಸರು ಹಾಕುವ ಮೊದಲು ಒಂದು ಹೆಸರು ಹಾಕಿ ತೆರೆದು ನೋಡಿ. ಪ್ರತಿ ವಾರ ನಕಲು ಇಡಿ.

ಕಂಪ್ಯೂಟರ್ ಲ್ಯಾಬಿನಲ್ಲಿ ನಾಲ್ಕು ಗಂಟೆಯ ನಂತರವೂ ಕೂರಲು ಬಿಟ್ಟ ಸರ್‌ಗೆ, ಎರಡು ಕಂತಿಗೆ ಒಪ್ಪಿದ ಆಫೀಸಿನವರಿಗೆ ನನ್ನ ವಂದನೆಗಳು. ಈಗ ಹೊತ್ತಾಯಿತು, ಅಬ್ಬಾ ಬಂದರು. ಇವತ್ತು ಮಳೆ ಇತ್ತು. ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲಿದೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ